ಬಳಕೆದಾರರ ಒಪ್ಪಿಗೆಯನ್ನು ನಿಭಾಯಿಸುವುದು ಹೇಗೆ: ಹಿಂಪಡೆಯುವ ದಾರಿಯನ್ನು ಮೊದಲು ಕಟ್ಟಿ

ಖಾಸಗಿತನದ ಕಾನೂನು ಬಂತು ಎಂದ ಕೂಡಲೇ ಆ್ಯಪ್, ವೆಬ್‌ಸೈಟ್ ನಡೆಸುವ ಹೆಚ್ಚಿನವರು ಮಾಡುವ ಮೊದಲ ಕೆಲಸ ಒಂದು ಬ್ಯಾನರ್ ಹಾಕಿಸಿ ‘ಒಪ್ಪುತ್ತೇನೆ’ ಬಟನ್ ಇಡುವುದು. ಅಲ್ಲಿಗೆ ಕೆಲಸ ಮುಗಿಯಿತು ಅನ್ನಿಸುತ್ತದೆ. ಮೂರು ತಿಂಗಳಾದ ಮೇಲೆ ಬಳಕೆದಾರರೊಬ್ಬರು ‘ಇನ್ನು ಮೇಲೆ ನನಗೆ ಮೆಸೇಜ್ ಕಳಿಸಬೇಡಿ’ ಎಂದಾಗ ನಿಜವಾದ ಪರೀಕ್ಷೆ ಶುರು. ಅವರ ನಂಬರ್ ಎಲ್ಲೆಲ್ಲಿ ಹೋಗಿ ಕೂತಿದೆ? ಯಾವ ಮಾತು ಹೇಳಿ ತೆಗೆದುಕೊಂಡಿದ್ದೆವು? ಇನ್ಯಾರಿಗೆ ಕೊಟ್ಟಿದ್ದೇವೆ? ಈ ಮೂರಕ್ಕೂ ಉತ್ತರ ಇಲ್ಲದಿದ್ದರೆ ಆ ಬಟನ್ ಇದ್ದೂ ಇಲ್ಲದಂತೆ.

ಆದ್ದರಿಂದ ಇಲ್ಲಿ ಕ್ರಮವನ್ನು ಬೇಕೆಂದೇ ತಿರುಗಿಸಿದೆ. ಮೊದಲು ಒಪ್ಪಿಗೆ ಹಿಂಪಡೆಯುವ ದಾರಿ, ಅದಕ್ಕೆ ಬೇಕಾದ ದಾಖಲೆ, ಆಮೇಲೆ ನೋಟಿಸ್, ಕೊನೆಗೆ ಪರದೆ. ಅದಕ್ಕೂ ಮುಂಚೆ ಕಾನೂನು ಏನು ಕೇಳುತ್ತದೆ ಎಂಬುದನ್ನು ಚುಟುಕಾಗಿ ನೋಡಿಬಿಡೋಣ.

ಕಾನೂನಿನ ಅಳತೆಗೋಲು

ಐರೋಪ್ಯ ಒಕ್ಕೂಟದ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾನೂನು ಜಿಡಿಪಿಆರ್ 2018ರ ಮೇ 25ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಒಪ್ಪಿಗೆಯನ್ನು ಒತ್ತಾಯವಿಲ್ಲದೆ ಕೊಟ್ಟಿರಬೇಕು, ಒಂದು ನಿರ್ದಿಷ್ಟ ಉದ್ದೇಶಕ್ಕೆ ಕೊಟ್ಟಿರಬೇಕು, ವಿಷಯ ತಿಳಿದುಕೊಂಡು ಕೊಟ್ಟಿರಬೇಕು, ಕೊಟ್ಟಿದ್ದಾರೆ ಎಂಬುದರಲ್ಲಿ ಅನುಮಾನ ಇರಬಾರದು. ಸುಮ್ಮನಿರುವುದು, ಮೊದಲೇ ಟಿಕ್ ಆಗಿರುವ ಚೌಕವನ್ನು ಹಾಗೇ ಬಿಡುವುದು ಒಪ್ಪಿಗೆ ಅಲ್ಲ. ಭಾರತದ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ 2023ರ ಆಗಸ್ಟ್‌ನಲ್ಲಿ ಬಂತು. ಅದರ 6ನೇ ಸೆಕ್ಷನ್ ಇವೇ ಗುಣಗಳನ್ನು ಹೇಳಿ, ‘ಷರತ್ತಿಲ್ಲದ್ದು’ ಎಂಬ ಇನ್ನೊಂದು ಮಾತನ್ನೂ ಸೇರಿಸುತ್ತದೆ. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುವಂತೆ ಅದರಲ್ಲಿ ಗಡುವು ಇದೆ.

ಕ್ಯಾಲಿಫೋರ್ನಿಯಾದ ದಾರಿ ಬೇರೆ. ಅಲ್ಲಿ ಬಹುಪಾಲು ಮೊದಲೇ ಕೇಳಬೇಕಿಲ್ಲ. ಆದರೆ ‘ನನ್ನ ಮಾಹಿತಿ ಮಾರಬೇಡಿ’ ಎಂದವರ ಮಾತನ್ನು 15 ಕೆಲಸದ ದಿನಗಳೊಳಗೆ ನಡೆಸಿಕೊಡಬೇಕು, ಮುಂದಿನ 12 ತಿಂಗಳು ಅವರನ್ನು ಮತ್ತೆ ಕೇಳುವಂತಿಲ್ಲ. ಬ್ರೌಸರ್ ಕಳಿಸುವ ಗ್ಲೋಬಲ್ ಪ್ರೈವಸಿ ಕಂಟ್ರೋಲ್ ಸಂಕೇತವನ್ನೂ ‘ಬೇಡ’ ಎಂದೇ ತೆಗೆದುಕೊಳ್ಳಬೇಕು.

ಜಿಡಿಪಿಆರ್ ಆಗಲಿ ಭಾರತದ ಕಾಯ್ದೆಯಾಗಲಿ, ಎರಡರಲ್ಲೂ ಎರಡು ಸಂಗತಿ ಒಂದೇ. ಒಪ್ಪಿಗೆ ಇತ್ತು ಎಂದು ಸಾಬೀತು ಮಾಡುವ ಭಾರ ಮಾಹಿತಿ ಪಡೆದವರ ಮೇಲಿದೆ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭ ಇರಬೇಕು. ಜಿಡಿಪಿಆರ್ ಅಡಿ ದಂಡ 2 ಕೋಟಿ ಯೂರೊ ಅಥವಾ ಜಾಗತಿಕ ವಾರ್ಷಿಕ ವಹಿವಾಟಿನ ಶೇ 4, ಯಾವುದು ಹೆಚ್ಚೋ ಅಲ್ಲಿಯವರೆಗೆ ಹೋಗಬಹುದು. ಭಾರತದಲ್ಲಿ ಒಪ್ಪಿಗೆಯ ನಿಯಮ ಮುರಿದರೆ 50 ಕೋಟಿ ರೂಪಾಯಿವರೆಗೆ, ಮಕ್ಕಳ ಮಾಹಿತಿಯ ವಿಷಯದಲ್ಲಿ 200 ಕೋಟಿವರೆಗೆ.

ಕೇಳಬೇಕಾದ್ದನ್ನು ಮಾತ್ರ ಕೇಳಿ

ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಪ್ರತಿ ಸಾಲಿಗೆ ಒಂದು ಮಾಹಿತಿ, ಒಂದು ಉದ್ದೇಶ. ಫೋನ್ ನಂಬರನ್ನು ಒಟಿಪಿ ಕಳಿಸಲು, ಆಫರ್ ಮೆಸೇಜ್ ಕಳಿಸಲು, ಜಾಹೀರಾತು ಕಂಪನಿಗೆ ಕೊಡಲು ಹೀಗೆ ಮೂರಕ್ಕೆ ಬಳಸುತ್ತಿದ್ದರೆ ಅದು ಮೂರು ಸಾಲು. ಮಾಹಿತಿ ಎಲ್ಲಿ ಉಳಿಯುತ್ತದೆ, ಯಾವ ವೆಂಡರ್‌ಗೆ (ನಮಗಾಗಿ ಕೆಲಸ ಮಾಡುವ ಹೊರಗಿನ ಕಂಪನಿ) ಹೋಗುತ್ತದೆ, ಎಷ್ಟು ದಿನ ಇರುತ್ತದೆ ಎಂಬುದಕ್ಕೂ ಕಾಲಂ ಇರಲಿ. ಈ ಹಾಳೆಯನ್ನು ಒಬ್ಬರೇ ಕೂತು ತುಂಬಿದರೆ ಅರ್ಧ ತಪ್ಪಿಹೋಗುತ್ತದೆ. ಮಾರ್ಕೆಟಿಂಗ್‌ನವರು ತಾವೇ ಹಾಕಿಸಿಕೊಂಡ ಟ್ರ್ಯಾಕಿಂಗ್ ಕೋಡ್ ಡೆವಲಪರ್‌ಗೆ ಗೊತ್ತಿರುವುದಿಲ್ಲ, ಡೆವಲಪರ್ ಸೇರಿಸಿದ ಕ್ರ್ಯಾಶ್ ರಿಪೋರ್ಟ್ ಲೈಬ್ರರಿ ಏನು ಕಳಿಸುತ್ತದೆ ಎಂಬುದು ವಕೀಲರಿಗೆ ಗೊತ್ತಿರುವುದಿಲ್ಲ. ಮೂವರನ್ನೂ ಕೂರಿಸಿಕೊಳ್ಳಿ.

ಈಗ ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಬಳಕೆದಾರರು ‘ಬೇಡ’ ಎಂದರೆ ನಾವು ನಿಜವಾಗಿಯೂ ನಿಲ್ಲಿಸುತ್ತೇವೆಯೆ? ನಿಲ್ಲಿಸಲು ಆಗುವುದಿಲ್ಲ ಎಂದಾದರೆ ಅಲ್ಲಿ ಒಪ್ಪಿಗೆ ಕೇಳುವುದೇ ತಪ್ಪು. ತೆರಿಗೆ ಕಾನೂನಿಗಾಗಿ ಬಿಲ್ ಇಟ್ಟುಕೊಳ್ಳಲೇಬೇಕು. ಅದಕ್ಕೆ ಒಪ್ಪಿಗೆ ಕೇಳಿ, ಬೇಡ ಎಂದವರ ಬಿಲ್ಲನ್ನೂ ಇಟ್ಟುಕೊಂಡರೆ ಅದು ಮೋಸವಾಗುತ್ತದೆ. ಇಲ್ಲಿ ಎರಡು ಕಾನೂನುಗಳು ಬೇರೆಯಾಗುವ ಜಾಗವೊಂದಿದೆ, ಗಮನಿಸಿ. ಜಿಡಿಪಿಆರ್‌ನಲ್ಲಿ ಒಪ್ಪಿಗೆಯೂ ಸೇರಿ ಆರು ಆಧಾರಗಳಿವೆ. ಒಪ್ಪಂದ ಪೂರೈಸುವುದು, ಸಂಸ್ಥೆಯ ನ್ಯಾಯಯುತ ಹಿತಾಸಕ್ತಿ ಅದರಲ್ಲಿ ಎರಡು. ಭಾರತದ ಕಾಯ್ದೆಯಲ್ಲಿ ಇವೆರಡೂ ಪ್ರತ್ಯೇಕ ಆಧಾರಗಳಾಗಿ ಇಲ್ಲ. ಅಲ್ಲಿರುವುದು ಒಪ್ಪಿಗೆ, ಜೊತೆಗೆ 7ನೇ ಸೆಕ್ಷನ್ ಎಣಿಸಿ ಹೇಳಿರುವ ಕೆಲವು ಬಳಕೆಗಳು ಮಾತ್ರ. ಯುರೋಪಿಗಾಗಿ ಬರೆದ ಪಾಲಿಸಿಯನ್ನು ಹಾಗೇ ನಕಲು ಮಾಡಿದವರು ಎಡವುವುದು ಇಲ್ಲೇ.

ಬೇಕಾದ್ದಕ್ಕಿಂತ ಹೆಚ್ಚು ಕೇಳಿದರೆ ಸಿಕ್ಕ ಒಪ್ಪಿಗೆಗೂ ಬೆಲೆಯಿಲ್ಲ. ಭಾರತದ ಕಾಯ್ದೆಯೇ ಒಂದು ಉದಾಹರಣೆ ಕೊಡುತ್ತದೆ: ಟೆಲಿಮೆಡಿಸಿನ್ ಆ್ಯಪ್ ಒಂದು ಫೋನಿನ ಕಾಂಟ್ಯಾಕ್ಟ್ ಪಟ್ಟಿಯನ್ನೂ ಕೇಳಿ, ಬಳಕೆದಾರರು ಎರಡಕ್ಕೂ ಹೂಂ ಎಂದರೂ, ವೈದ್ಯಕೀಯ ಸೇವೆಗೆ ಆ ಪಟ್ಟಿ ಬೇಕಿಲ್ಲವಾದ್ದರಿಂದ ಒಪ್ಪಿಗೆ ಸೇವೆಗೆ ಬೇಕಾದ ಮಾಹಿತಿಗಷ್ಟೇ ಸೀಮಿತ.

ಹಿಂಪಡೆಯುವ ದಾರಿ

ಬಳಕೆದಾರರ ಕಡೆಯಿಂದ ನೋಡಿದರೆ ಇದು ಸರಳವಾಗಿರಬೇಕು. ಒಂದು ತಟ್ಟಿನಲ್ಲಿ ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯಲು ಇಮೇಲ್ ಬರೆಯಿರಿ, ಕಾಲ್ ಸೆಂಟರ್‌ಗೆ ಕರೆ ಮಾಡಿ, ಗುರುತಿನ ಚೀಟಿ ಕಳಿಸಿ ಎನ್ನುವಂತಿಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ನನ್ನ ಒಪ್ಪಿಗೆಗಳು’ ಎಂಬ ಒಂದು ಪುಟ, ಅದರಲ್ಲಿ ಪ್ರತಿ ಉದ್ದೇಶಕ್ಕೂ ಒಂದು ಸ್ವಿಚ್. ವೆಬ್‌ಸೈಟ್ ಆದರೆ ಪ್ರತಿ ಪುಟದ ಅಡಿಯಲ್ಲೂ ಅದಕ್ಕೆ ಲಿಂಕ್. ಲಾಗಿನ್ ಇಲ್ಲದೆ ಕೊಟ್ಟ ಒಪ್ಪಿಗೆಯನ್ನು ಲಾಗಿನ್ ಇಲ್ಲದೆಯೇ ಹಿಂಪಡೆಯಲು ಆಗಬೇಕು.

ಕಷ್ಟವೆಲ್ಲ ಒಳಗಡೆ ಇದೆ. ಹೆಚ್ಚಾಗಿ ಕೈಕೊಡುವ ಜಾಗಗಳು ಇವು.

ಮೊದಲನೆಯದು ಮೊದಲೇ ಇಳಿಸಿಕೊಂಡ ಪಟ್ಟಿ. ಬೆಳಿಗ್ಗೆ 10ಕ್ಕೆ ಹೋಗಬೇಕಾದ ಆಫರ್ ಮೆಸೇಜಿಗೆ ಹಿಂದಿನ ಸಂಜೆ 6ಕ್ಕೇ ನಂಬರ್‌ಗಳನ್ನು ಸಿಎಸ್‌ವಿ ಫೈಲಿಗೆ ಇಳಿಸಿ ವೆಂಡರ್‌ಗೆ ಕಳಿಸಲಾಗಿದೆ. ರಾತ್ರಿ 9ಕ್ಕೆ ಒಬ್ಬರು ಸ್ವಿಚ್ ಆಫ್ ಮಾಡುತ್ತಾರೆ. ಡೇಟಾಬೇಸ್‌ನಲ್ಲಿ ‘ಬೇಡ’ ಎಂದು ಸರಿಯಾಗಿ ದಾಖಲಾಗಿದೆ, ಆದರೂ ಬೆಳಿಗ್ಗೆ ಮೆಸೇಜ್ ಹೋಗುತ್ತದೆ. ಪಟ್ಟಿ ಮಾಡುವಾಗ ಒಪ್ಪಿಗೆ ನೋಡಿದರೆ ಸಾಲದು, ಕಳಿಸುವ ಕ್ಷಣದಲ್ಲಿ ನೋಡಬೇಕು. ಅದಾಗದಿದ್ದರೆ ಕಳಿಸುವ ಸ್ವಲ್ಪ ಮುಂಚೆ ‘ಇವರನ್ನು ಕೈಬಿಡಿ’ ಎಂಬ ಎರಡನೆಯ ಪಟ್ಟಿ ವೆಂಡರ್‌ಗೆ ತಾನಾಗಿ ಹೋಗುವಂತೆ ಮಾಡಿ.

ಎರಡನೆಯದು ಕ್ಯಾಶ್, ಅಂದರೆ ಬೇಗ ಸಿಗಲೆಂದು ತಾತ್ಕಾಲಿಕವಾಗಿ ಇಟ್ಟುಕೊಂಡ ಪ್ರತಿ. ಆ್ಯಪ್ ಅಥವಾ ಸರ್ವರ್ ಒಪ್ಪಿಗೆಯ ಸ್ಥಿತಿಯನ್ನು 24 ಗಂಟೆ ನೆನಪಿಟ್ಟುಕೊಂಡಿದ್ದರೆ ಅಷ್ಟು ಹೊತ್ತೂ ಹಳೆಯ ‘ಹೌದು’ ಮೇಲೆಯೇ ಕೆಲಸ ನಡೆಯುತ್ತದೆ. ಸ್ಥಿತಿ ಬದಲಾದ ತಕ್ಷಣ ಕ್ಯಾಶ್ ಅಳಿಯಬೇಕು. ಸರ್ವರ್ ಉತ್ತರ ಕೊಡದಿದ್ದಾಗ ಯಾವುದೆಂದು ತಿಳಿಯಬೇಕು ಎಂಬುದನ್ನೂ ಮೊದಲೇ ತೀರ್ಮಾನಿಸಿ. ಉತ್ತರ ಬರದಿದ್ದರೆ ಅದು ‘ಬೇಡ’ ಎಂದೇ ಲೆಕ್ಕ.

ಮೂರನೆಯದು ಕ್ರಮ ತಪ್ಪುವುದು. ಒಬ್ಬರು ಸ್ವಿಚ್ ಆನ್ ಮಾಡಿ ಎರಡು ಸೆಕೆಂಡಿನಲ್ಲಿ ಆಫ್ ಮಾಡುತ್ತಾರೆ. ಕ್ಯೂನಲ್ಲಿ ಎರಡೂ ಸಂದೇಶಗಳು ಹಿಂದುಮುಂದಾಗಿ ತಲುಪಿದರೆ ಕೊನೆಗೆ ಉಳಿಯುವುದು ‘ಹೌದು’. ಪ್ರತಿ ಬದಲಾವಣೆಗೂ ಏರುವ ಸಂಖ್ಯೆಯೊಂದನ್ನು ಕೊಟ್ಟು, ಚಿಕ್ಕ ಸಂಖ್ಯೆಯದು ತಡವಾಗಿ ಬಂದರೆ ಅದನ್ನು ಬಿಟ್ಟುಬಿಡಿ.

ನಾಲ್ಕನೆಯದು ಬ್ಯಾಕಪ್, ಇದು ಯಾರ ಗಮನಕ್ಕೂ ಬರುವುದಿಲ್ಲ. ಸರ್ವರ್ ಕೆಟ್ಟು, ಹೋದ ವಾರದ ಬ್ಯಾಕಪ್ ವಾಪಸ್ ಹಾಕಿದಿರಿ ಎನ್ನಿ. ಆ ವಾರದಲ್ಲಿ ‘ಬೇಡ’ ಎಂದವರೆಲ್ಲರ ಹಳೆಯ ‘ಹೌದು’ ಮತ್ತೆ ಜೀವ ಪಡೆಯುತ್ತದೆ. ಒಪ್ಪಿಗೆಯ ಲಾಗ್ ಅನ್ನು (ಯಾರು ಯಾವಾಗ ‘ಹೌದು’, ‘ಬೇಡ’ ಎಂದರು ಎಂಬ ಸಾಲು ಸಾಲು ದಾಖಲೆ) ಬೇರೆ ಕಡೆ ಇಟ್ಟು, ಬ್ಯಾಕಪ್ ಹಾಕಿದ ಮೇಲೆ ಆ ಲಾಗ್ ಅನ್ನು ಮೊದಲಿನಿಂದ ಓಡಿಸಿ, ಆಮೇಲಷ್ಟೇ ಮೆಸೇಜ್ ಸೇವೆ ಶುರುವಾಗಬೇಕು. ಇದನ್ನು ಬ್ಯಾಕಪ್ ಹಾಕುವ ವಿಧಾನದ ಕಾಗದದಲ್ಲೇ ಒಂದು ಹಂತವಾಗಿ ಬರೆದಿಡಿ.

ಇನ್ನೊಂದು ವಿಚಿತ್ರ ಇದೆ. ‘ಬೇಡ’ ಎಂದವರ ಮಾಹಿತಿಯನ್ನು ಪೂರ್ತಿ ಅಳಿಸಿಬಿಟ್ಟರೆ ಅವರು ಬೇಡ ಎಂದದ್ದೂ ಮರೆತುಹೋಗುತ್ತದೆ. ನಾಳೆ ಯಾರೋ ಹಳೆಯ ಎಕ್ಸೆಲ್ ಹಾಳೆ ಅಪ್‌ಲೋಡ್ ಮಾಡಿದರೆ ಅದೇ ನಂಬರ್ ಹೊಸಬರಂತೆ ಒಳಗೆ ಬರುತ್ತದೆ. ಆದ್ದರಿಂದ ಕೈಬಿಟ್ಟವರ ಪಟ್ಟಿಯೊಂದನ್ನು ಇಡಬೇಕು, ಅದರಲ್ಲಿ ನಂಬರಿನ ಕೀ ಸೇರಿಸಿದ ಹ್ಯಾಶ್ ಮಾತ್ರ ಇರಲಿ. ಹ್ಯಾಶ್ ಎಂದರೆ ಲೆಕ್ಕ ಹಾಕಿ ನಂಬರನ್ನು ಬದಲಿಸಿದ ಗುರುತು, ಕೀ ಎಂದರೆ ಆ ಲೆಕ್ಕಕ್ಕೆ ಸೇರಿಸುವ ಗುಟ್ಟಿನ ಪದ. ಬರೀ ಹ್ಯಾಶ್ ಸಾಲದು, ಏಕೆಂದರೆ ಹತ್ತು ಅಂಕಿಯ ನಂಬರ್‌ಗಳನ್ನೆಲ್ಲ ಒಂದೊಂದಾಗಿ ಹ್ಯಾಶ್ ಮಾಡಿ ಹೋಲಿಸಿ ಮೂಲವನ್ನು ಹುಡುಕುವುದು ಕಂಪ್ಯೂಟರಿಗೆ ಕಷ್ಟವೇ ಅಲ್ಲ. ಹೊಸ ಪಟ್ಟಿ ಬಂದಾಗಲೆಲ್ಲ ಇದರ ಜೊತೆ ತಾಳೆ ನೋಡಿ ಸೇರಿಸಿಕೊಳ್ಳಿ.

ಹಿಂಪಡೆದದ್ದು ಮುಂದಕ್ಕೆ ಮಾತ್ರ ಅನ್ವಯಿಸುತ್ತದೆ, ಅಲ್ಲಿಯವರೆಗೆ ಒಪ್ಪಿಗೆಯ ಮೇಲೆ ಮಾಡಿದ ಕೆಲಸ ಅಕ್ರಮವಾಗುವುದಿಲ್ಲ. ಆದರೆ ಮಾಹಿತಿಯನ್ನು ಇಟ್ಟುಕೊಳ್ಳಲು ಬೇರೆ ಕಾನೂನಿನ ಕಾರಣ ಇಲ್ಲದಿದ್ದರೆ ಅಳಿಸಬೇಕು, ವೆಂಡರ್‌ಗಳಿಂದಲೂ ಅಳಿಸಿಸಬೇಕು.

ದಾಖಲೆ ಹೇಗಿರಬೇಕು

ಬಳಕೆದಾರರ ಟೇಬಲ್‌ನಲ್ಲಿ ‘ಒಪ್ಪಿಗೆ = ಹೌದು’ ಎಂಬ ಒಂದು ಕಾಲಂ ಇಟ್ಟು ಬಿಡುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಅದು ಇವತ್ತಿನ ಸ್ಥಿತಿ ಹೇಳುತ್ತದೆ, ಯಾವಾಗ, ಯಾವ ಮಾತಿಗೆ, ಹೇಗೆ ಕೊಟ್ಟರು ಎಂಬುದನ್ನು ಹೇಳುವುದಿಲ್ಲ. ತಿದ್ದಲಾಗದ, ಸೇರಿಸಲು ಮಾತ್ರ ಬರುವ ಲಾಗ್ ಬೇಕು. ಒಂದು ಸಾಲು ಹೀಗಿರಬಹುದು:

ಬಳಕೆದಾರ ಗುರುತು: ಬಿ-48213
ಉದ್ದೇಶ: ಆಫರ್ ಎಸ್‌ಎಂಎಸ್
ಕ್ರಿಯೆ: ಕೊಟ್ಟರು
ಸಮಯ: 2026-02-11, 09:42:17, ಯುಟಿಸಿ
ನೋಟಿಸ್: ಆವೃತ್ತಿ 7, ಭಾಷೆ ಕನ್ನಡ
ಎಲ್ಲಿ: ಆಂಡ್ರಾಯ್ಡ್ ಆ್ಯಪ್ 5.3, ನೋಂದಣಿ ಪರದೆ
ಹೇಗೆ: ಸ್ವಿಚ್ ಆನ್ ಮಾಡಿದರು, ಮೊದಲ ಸ್ಥಿತಿ ಆಫ್
ಕ್ರಮಸಂಖ್ಯೆ: 3

ಹಿಂಪಡೆದರೆ ಈ ಸಾಲು ಹಾಗೇ ಉಳಿದು, ಕ್ರಮಸಂಖ್ಯೆ 4ರ ಹೊಸ ಸಾಲು ಸೇರುತ್ತದೆ. ನೋಟಿಸಿನ 7ನೇ ಆವೃತ್ತಿಯ ಪೂರ್ತಿ ಪಠ್ಯವನ್ನೂ, ಆ ದಿನ ಪರದೆ ಹೇಗೆ ಕಾಣುತ್ತಿತ್ತು ಎಂಬ ಸ್ಕ್ರೀನ್‌ಶಾಟನ್ನೂ ಬೇರೆ ಕಡೆ ಕಾದಿಡಿ. ತಕರಾರು ಬಂದಾಗ ‘ನೀವು ನೋಡಿದ್ದು ಇದು’ ಎಂದು ತೋರಿಸಲು ಇವೆರಡೇ ಆಧಾರ. ಭಾಷೆಯ ಕಾಲಂ ಮರೆಯಬೇಡಿ. ಕನ್ನಡದ ನೋಟಿಸಿನಲ್ಲಿ ಒಂದು ಉದ್ದೇಶ ಬಿಟ್ಟುಹೋಗಿ ಇಂಗ್ಲಿಷಿನದರಲ್ಲಿ ಇದ್ದರೆ, ಕನ್ನಡದಲ್ಲಿ ಓದಿದವರ ಒಪ್ಪಿಗೆ ಆ ಉದ್ದೇಶಕ್ಕೆ ಇಲ್ಲ.

ದಾಖಲೆಯ ಹೆಸರಿನಲ್ಲಿ ಹೊಸ ಮಾಹಿತಿ ಗುಡ್ಡೆ ಹಾಕುವುದೂ ಬೇಡ. ಜಿಪಿಎಸ್ ಸ್ಥಳ, ಫೋನಿನ ಪೂರ್ತಿ ವಿವರ ಇದಕ್ಕೆ ಬೇಕಿಲ್ಲ. ಕಾಗದದ ಫಾರಂ ಆದರೆ ಸಹಿ ಇರುವ ಹಾಳೆಯ ಸ್ಕ್ಯಾನ್, ಕರೆಯಲ್ಲಿ ಪಡೆದದ್ದಾದರೆ ರೆಕಾರ್ಡಿಂಗ್ ಜೊತೆಗೆ ಸಿಬ್ಬಂದಿ ಓದಿ ಹೇಳಿದ ಪಠ್ಯದ ಆವೃತ್ತಿ. ಅಂಗಡಿಯ ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಕೇಳಿ ಸಿಬ್ಬಂದಿಯೇ ಟಿಕ್ ಹಾಕುವ ಪದ್ಧತಿ ನಿಲ್ಲಲಿ. ಒಪ್ಪಿದ್ದು ಗ್ರಾಹಕರೇ ಎಂದು ಆ ಟಿಕ್ ತೋರಿಸುವುದಿಲ್ಲ.

ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವುದುಂಟು. ಲಾಗಿನ್ ಆಗುವ ಮುಂಚೆ ಫೋನಿನ ಮೇಲೆ ಕೊಟ್ಟ ಒಪ್ಪಿಗೆಯನ್ನು, ಆಮೇಲೆ ಲಾಗಿನ್ ಆದವರ ಖಾತೆಗೆ ತಾನಾಗಿ ಅಂಟಿಸಬೇಡಿ. ಫೋನಿನದು ‘ಹೌದು’, ಖಾತೆಯದು ‘ಬೇಡ’ ಎಂದಿದ್ದರೆ ‘ಬೇಡ’ ಗೆಲ್ಲಬೇಕು.

ನೋಟಿಸಿನ ಮಾತು

ಭಾರತದ ಕಾಯ್ದೆ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಬೇಕಾದ್ದರಲ್ಲಿ ಓದುವ ಆಯ್ಕೆ ಕೊಡಬೇಕು ಎನ್ನುತ್ತದೆ. ಬರೆಯುವವರ ಕೈಯಲ್ಲಿ ಕನ್ನಡ ಕೆಡುವುದು ಇಲ್ಲೇ. ‘ಸೇವೆಗಳ ವರ್ಧನೆಗಾಗಿ ತಮ್ಮ ವೈಯಕ್ತಿಕ ದತ್ತಾಂಶವನ್ನು ಸಂಸ್ಕರಿಸಲು ಹಾಗೂ ಸಹಭಾಗಿಗಳೊಂದಿಗೆ ಹಂಚಿಕೊಳ್ಳಲು ಸಮ್ಮತಿಸುತ್ತೀರಿ’ ಎಂಬ ವಾಕ್ಯ ಓದಿದವರಿಗೆ ಯಾವ ಮಾಹಿತಿ, ಯಾರಿಗೆ, ಏಕೆ ಎಂಬುದು ಒಂದೂ ತಿಳಿಯುವುದಿಲ್ಲ. ಅದನ್ನೇ ಹೀಗೆ ಹೇಳಬಹುದು:

‘ನಿಮ್ಮ ಫೋನ್ ನಂಬರಿಗೆ ತಿಂಗಳಿಗೆ ಹೆಚ್ಚೆಂದರೆ ನಾಲ್ಕು ಆಫರ್ ಮೆಸೇಜ್ ಕಳಿಸಬಹುದೆ? ಮೆಸೇಜ್ ಕಳಿಸುವ ಕಂಪನಿಗೆ ನಂಬರ್ ಕೊಡುತ್ತೇವೆ, ಬೇರೆ ಯಾರಿಗೂ ಇಲ್ಲ. ಬೇಡ ಎಂದರೂ ಆರ್ಡರ್ ಮಾಡಲು ತೊಂದರೆಯಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಯಾವಾಗ ಬೇಕಾದರೂ ನಿಲ್ಲಿಸಬಹುದು.’

ನಾಲ್ಕು ಎಂದು ಬರೆದರೆ ನಾಲ್ಕೇ ಕಳಿಸಬೇಕು, ಅದು ಬೇರೆ ಮಾತು. ನೋಟಿಸ್ ತನ್ನಷ್ಟಕ್ಕೇ ನಿಲ್ಲಬೇಕು, ನಲವತ್ತು ಪುಟದ ನಿಯಮಗಳ ನಡುವೆ ಹುದುಗಿರಬಾರದು. ಯಾವ ಮಾಹಿತಿ, ಯಾವ ಉದ್ದೇಶ, ಹಿಂಪಡೆಯುವುದು ಹೇಗೆ, ದೂರು ಕೊಡುವುದು ಎಲ್ಲಿ ಎಂಬ ನಾಲ್ಕೂ ಅದರಲ್ಲಿರಬೇಕು. ‘ಇತ್ಯಾದಿ’, ‘ಮುಂತಾದ ಉದ್ದೇಶಗಳಿಗೆ’ ಎಂಬ ಪದಗಳು ಕಂಡರೆ ಅಳಿಸಿ. ‘ಮೆಸೇಜ್ ಬೇಡ ಎಂಬುದನ್ನು ಒಪ್ಪುವುದಿಲ್ಲ’ ಎಂಬಂಥ ಎರಡು ‘ಇಲ್ಲ’ಗಳ ವಾಕ್ಯ ಎಲ್ಲೂ ಬರಬಾರದು.

ಪರದೆ ಮತ್ತು ಸ್ಕ್ರಿಪ್ಟ್

‘ಒಪ್ಪುತ್ತೇನೆ’ ಮತ್ತು ‘ಒಪ್ಪುವುದಿಲ್ಲ’ ಒಂದೇ ಪರದೆಯಲ್ಲಿ, ಒಂದೇ ಅಳತೆಯಲ್ಲಿ, ಒಂದೇ ತಟ್ಟಿನ ದೂರದಲ್ಲಿರಲಿ. ಫ್ರಾನ್ಸಿನ ಖಾಸಗಿತನ ನಿಯಂತ್ರಣ ಸಂಸ್ಥೆ ಸಿಎನ್ಐಎಲ್ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೊ, ಫೇಸ್‌ಬುಕ್‌ಗೆ 6 ಕೋಟಿ ಯೂರೊ ದಂಡ ಪ್ರಕಟಿಸಿದ್ದು ಇದೇ ಕಾರಣಕ್ಕೆ: ಕುಕಿಗಳನ್ನು (ಬಳಕೆದಾರರನ್ನು ಗುರುತಿಸಲು ಸೈಟ್ ಬ್ರೌಸರಿನಲ್ಲಿ ಇಡುವ ಚಿಕ್ಕ ಫೈಲ್) ಒಪ್ಪಲು ಒಂದು ಕ್ಲಿಕ್, ನಿರಾಕರಿಸಲು ಹಲವು. ಅದಕ್ಕೂ ಮುಂಚೆ, 2019ರ ಅಕ್ಟೋಬರ್ 1ರಂದು ಐರೋಪ್ಯ ನ್ಯಾಯಾಲಯ ಪ್ಲಾನೆಟ್49 ಪ್ರಕರಣದಲ್ಲಿ ಮೊದಲೇ ಟಿಕ್ ಮಾಡಿದ ಚೌಕ ಒಪ್ಪಿಗೆಯಲ್ಲ ಎಂದು ತೀರ್ಪು ಕೊಟ್ಟಿತ್ತು.

ಬಟನ್ ಸರಿಯಿದ್ದೂ ಕೆಡುವ ಜಾಗ ಒಂದಿದೆ. ಬ್ಯಾನರ್ ಮೂಡುವಷ್ಟರಲ್ಲಿ ಟ್ರ್ಯಾಕಿಂಗ್ ಕೋಡ್ ಆಗಲೇ ಓಡಿರುತ್ತದೆ. ಪರೀಕ್ಷಿಸುವುದು ಸುಲಭ, ಐದು ನಿಮಿಷ ಸಾಕು. ಬ್ರೌಸರಿನಲ್ಲಿ ಖಾಸಗಿ ವಿಂಡೋ ತೆರೆಯಿರಿ. ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಟ್ಯಾಬ್ ಹಾಕಿಕೊಂಡು ನಿಮ್ಮ ಸೈಟನ್ನು ತೆರೆಯಿರಿ. ಬ್ಯಾನರ್ ಮುಟ್ಟಬೇಡಿ. ಯಾವ ಹೊರಗಿನ ಡೊಮೈನ್‌ಗಳಿಗೆ ವಿನಂತಿ ಹೋಗಿದೆ, ಯಾವ ಕುಕಿಗಳು ಬಂದು ಕೂತಿವೆ ನೋಡಿ. ಜಾಹೀರಾತು, ವಿಶ್ಲೇಷಣೆಯ ವಿನಂತಿ ಒಂದಾದರೂ ಕಂಡರೆ ಬ್ಯಾನರ್ ಕೆಲಸ ಮಾಡುತ್ತಿಲ್ಲ ಎಂದರ್ಥ. ಈಗ ‘ಒಪ್ಪುವುದಿಲ್ಲ’ ಒತ್ತಿ, ಎರಡು ಮೂರು ಪುಟ ತಿರುಗಿ, ಮತ್ತೆ ನೋಡಿ. ಕೊನೆಗೆ ಒಪ್ಪಿಗೆ ಕೊಟ್ಟು, ಹಿಂಪಡೆದು, ಇನ್ನೊಮ್ಮೆ. ಆಗಲೇ ಬಂದ ಕುಕಿಗಳು ಅಳಿಯಬೇಕು.

ಸರಿಪಡಿಸಲು ಆ ಸ್ಕ್ರಿಪ್ಟ್‌ಗಳನ್ನು ಪುಟದಲ್ಲಿ ನೇರವಾಗಿ ಇಡದೆ, ಒಪ್ಪಿಗೆ ಸಿಕ್ಕ ಮೇಲಷ್ಟೇ ಸೇರಿಸುವಂತೆ ಮಾಡಬೇಕು. ಗೂಗಲ್ ಕನ್ಸೆಂಟ್ ಮೋಡ್ (ಬಳಕೆದಾರರ ಆಯ್ಕೆಯನ್ನು ಗೂಗಲ್‌ನ ಟ್ಯಾಗ್‌ಗೆ, ಅಂದರೆ ಅದರ ಟ್ರ್ಯಾಕಿಂಗ್ ಕೋಡ್‌ಗೆ, ತಿಳಿಸುವ ವ್ಯವಸ್ಥೆ) ಬಳಸುವವರು ಅದರಲ್ಲಿರುವ ಜಾಹೀರಾತು, ವಿಶ್ಲೇಷಣೆಯ ನಾಲ್ಕೂ ಸ್ಥಿತಿಗಳಿಗೆ ಆರಂಭದ ಮೌಲ್ಯ ‘ನಿರಾಕರಿಸಲಾಗಿದೆ’ ಎಂದೇ ಇಟ್ಟು, ಆ ಸಾಲು ಟ್ಯಾಗ್‌ಗಿಂತ ಮೊದಲು ಓಡುವಂತೆ ನೋಡಿಕೊಳ್ಳಿ. ಹಿಂದುಮುಂದಾದರೆ ಮೊದಲ ವಿನಂತಿ ಹೋಗಿಯೇ ಬಿಟ್ಟಿರುತ್ತದೆ. ಪುಟದೊಳಗೆ ಅಂಟಿಸಿದ ವಿಡಿಯೊ, ನಕ್ಷೆಗಳೂ ಕುಕಿ ಹಾಕಬಹುದು. ಅವುಗಳ ಜಾಗದಲ್ಲಿ ಮೊದಲು ಒಂದು ಚಿತ್ರ ಇಟ್ಟು, ತಟ್ಟಿದ ಮೇಲೆ ತೆರೆಯಿರಿ. ಫೋನ್ ಆ್ಯಪ್‌ನಲ್ಲಿ ಹೊರಗಿನ ಎಸ್‌ಡಿಕೆಗಳು (ಬೇರೆ ಕಂಪನಿಯ ಸಿದ್ಧ ಕೋಡ್ ಕಟ್ಟುಗಳು) ಆ್ಯಪ್ ತೆರೆದ ಕೂಡಲೇ ಚಾಲೂ ಆಗುವುದೇ ರೂಢಿ, ಆ ಸೆಟ್ಟಿಂಗನ್ನು ಆಫ್ ಮಾಡಿ ಒಪ್ಪಿಗೆಯ ನಂತರ ಕೈಯಾರೆ ಶುರುಮಾಡಬೇಕು.

ಮಕ್ಕಳು, ಮತ್ತು ಮತ್ತೆ ಕೇಳುವುದು

ಭಾರತದಲ್ಲಿ 18 ತುಂಬದವರೆಲ್ಲ ಮಕ್ಕಳೇ, ಹೆತ್ತವರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಹೆತ್ತವರು ಒಪ್ಪಿದರೂ ಮಕ್ಕಳ ನಡವಳಿಕೆಯನ್ನು ಹಿಂಬಾಲಿಸುವುದು, ಅವರಿಗೆ ಗುರಿಯಿಟ್ಟ ಜಾಹೀರಾತು ತೋರಿಸುವುದು ನಿಷಿದ್ಧ. ಕೆಲವು ವರ್ಗಗಳಿಗೆ ಮಾತ್ರ ವಿನಾಯಿತಿ ಇದೆ. ಜಿಡಿಪಿಆರ್‌ನಲ್ಲಿ ಆನ್‌ಲೈನ್ ಸೇವೆಗಳಿಗೆ ಈ ವಯಸ್ಸು 16, ಸದಸ್ಯ ದೇಶಗಳು 13ರವರೆಗೆ ಇಳಿಸಬಹುದು. ‘ನನಗೆ 18 ತುಂಬಿದೆ’ ಎಂಬ ಚೌಕ ಇಟ್ಟು ಕೈತೊಳೆದುಕೊಳ್ಳಬೇಡಿ, ಹುಟ್ಟಿದ ವರ್ಷ ಕೇಳಿ, ಕಡಿಮೆ ಬಂದರೆ ಹಿಂದೆ ಹೋಗಿ ತಿದ್ದಲು ಬಿಡದಂತೆ ಮಾಡಿ.

ಉದ್ದೇಶ ಬದಲಾದರೆ, ಹೊಸ ವೆಂಡರ್‌ಗೆ ಹೊಸ ಕೆಲಸಕ್ಕೆ ಮಾಹಿತಿ ಹೋಗುವುದಾದರೆ ಮತ್ತೆ ಕೇಳಬೇಕು. ನೋಟಿಸಿನಲ್ಲಿ ಕಾಗುಣಿತ ತಿದ್ದಿದ್ದಕ್ಕೆ ಕೇಳಬೇಕಿಲ್ಲ. ಕುಕಿಗಳ ವಿಷಯದಲ್ಲಿ ಆಯ್ಕೆಯನ್ನು ಆರು ತಿಂಗಳು ನೆನಪಿಟ್ಟುಕೊಳ್ಳುವುದು ಒಳ್ಳೆಯ ಪದ್ಧತಿ ಎಂದು ಸಿಎನ್ಐಎಲ್ ಹೇಳುತ್ತದೆ, ಹೌದು ಎಂದವರದ್ದಷ್ಟೇ ಅಲ್ಲ, ಬೇಡ ಎಂದವರದ್ದೂ. ಬೇಡ ಎಂದವರಿಗೆ ಪುಟ ತೆರೆದಾಗಲೆಲ್ಲ ಬ್ಯಾನರ್ ತೋರಿಸಿ ಸುಸ್ತು ಮಾಡಿಸಿ ಪಡೆದ ‘ಹೌದು’ ಒತ್ತಾಯದ್ದೇ.

ತಿಂಗಳಿಗೊಮ್ಮೆ ಮಾಡಬೇಕಾದ ತಾಲೀಮು

ಪರೀಕ್ಷೆಗೆಂದೇ ಒಂದು ನಂಬರ್, ಒಂದು ಇಮೇಲ್ ಇಟ್ಟುಕೊಳ್ಳಿ. ತಿಂಗಳ ಮೊದಲ ವಾರ ಎಲ್ಲ ಉದ್ದೇಶಗಳಿಗೂ ಒಪ್ಪಿಗೆ ಕೊಡಿ, ಎರಡು ದಿನ ಬಿಟ್ಟು ಎಲ್ಲವನ್ನೂ ಹಿಂಪಡೆಯಿರಿ. ಏಳು ದಿನ ಯಾವುದಾದರೂ ಮೆಸೇಜ್ ಬರುತ್ತದೆಯೇ ಕಾಯಿರಿ. ಎಂಟನೆಯ ದಿನ ಸ್ಪ್ರೆಡ್‌ಶೀಟಿನಲ್ಲಿ ಬರೆದ ಪ್ರತಿ ಜಾಗದಲ್ಲೂ ಆ ನಂಬರನ್ನು ಹುಡುಕಿ: ಮುಖ್ಯ ಡೇಟಾಬೇಸ್, ವರದಿಗಳ ಸರ್ವರ್, ಇಮೇಲ್ ವೆಂಡರ್‌ನ ಪ್ಯಾನೆಲ್, ಗ್ರಾಹಕ ಸೇವೆಯವರ ಟಿಕೆಟ್ ವ್ಯವಸ್ಥೆ, ಹಂಚಿಕೊಂಡ ಡ್ರೈವಿನಲ್ಲಿ ಬಿದ್ದಿರುವ ಎಕ್ಸೆಲ್ ಹಾಳೆಗಳು. ಸಿಕ್ಕಿದ ಪ್ರತಿ ಜಾಗಕ್ಕೂ ಒಬ್ಬರ ಹೆಸರು, ಒಂದು ಗಡುವು ಬರೆಯಿರಿ. ಅಳಿಸಿದ್ದೇವೆ ಎಂದು ವೆಂಡರ್ ಫೋನಿನಲ್ಲಿ ಹೇಳಿದರೆ ಸಾಲದು, ಲಿಖಿತವಾಗಿ ಪಡೆದು ಆ ತಿಂಗಳ ಫೈಲಿಗೆ ಸೇರಿಸಿ. ಆಮೇಲೆ ಅದೇ ನಂಬರನ್ನು ಹಳೆಯ ಪಟ್ಟಿಯೊಂದರಲ್ಲಿ ಸೇರಿಸಿ ಅಪ್‌ಲೋಡ್ ಮಾಡಿ ನೋಡಿ. ಕೈಬಿಟ್ಟವರ ಪಟ್ಟಿ ಅದನ್ನು ಬಾಗಿಲಲ್ಲೇ ತಡೆಯಬೇಕು.